ಬೆಟ್ಟ ಹತ್ತುವುದೂ ಬೆಳಿಗ್ಗೆ, ಇಳಿಯುವುದೂ ಬೆಳಿಗ್ಗೆ

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಕೈ ಬಿಡುವಾದ ಏಪ್ರಿಲ್-ಮೇ ತಿಂಗಳಲ್ಲಿ ಸಂಸಾರ ಸಮೇತ ಹಂಪಿ, ಸಂಡೂರು ಕಡೆಗೆ ಹೋಗಿಬರುವ ಬೆಳೆಗಾರರು ನಮ್ಮಲ್ಲಿ ಅನೇಕರಿದ್ದಾರೆ. ಹೋದವರು ಮತಂಗ ಬೆಟ್ಟ ಹತ್ತಬೇಕೆಂದು ಬಯಸುವುದೂ ಸಹಜ. ಹತ್ತಲಿ, ಸಂತೋಷವೇ. ಆದರೆ ಆ ಸೀಮೆಯ ಮಳೆಯನ್ನು ಕುರಿತು ನಮ್ಮವರಿಗಿರುವ ತಾತ್ಸಾರದ ಬಗ್ಗೆ ಎರಡು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರುತ್ತದೆ.

ನೂರು ಇಂಚು ಮಳೆ ಕಂಡವರಿಗೆ, ವರ್ಷವಿಡೀ 25 ಇಂಚಿನ ಆಸುಪಾಸು ಬೀಳುವ ಹೊಸಪೇಟೆಯ ಮಳೆ ಮಳೆಯೇ ಅಲ್ಲ. "ಬಂದರೆ ಬರಲಿ, ನೆನೆದರೆ ಕರಗುತ್ತೇವೆಯೇ?" ಎಂಬ ಧೋರಣೆ. ಆದರೆ ಮುಂಗಾರಿಗೆ ಮೊದಲಿನ ಮಳೆಯಲ್ಲಿ ಅಪಾಯವಿರುವುದು ನೀರಿನಲ್ಲಲ್ಲ. ಸಿಡಿಲಿನಲ್ಲಿ ಮತ್ತು ಬಿರುಗಾಳಿಯಲ್ಲಿ. ಬಿಸಿಲಿಗೆ ಕಾದ ನೆಲದ ಬಿಸಿಗಾಳಿ ಮೇಲೇರಿ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಸಂಜೆಯ ಹೊತ್ತಿಗೆ ಗುಡುಗುತ್ತದೆ. ಆದ್ದರಿಂದ ಬೆಟ್ಟದ ಕೆಲಸವೆಲ್ಲ ಬೆಳಗಿನದು.

ವಿರೂಪಾಕ್ಷ ಬಜಾರಿನ ಪೂರ್ವದ ತುದಿಯಲ್ಲಿರುವ ಎದುರು ಬಸವಣ್ಣನ ಹತ್ತಿರದಿಂದ ನಸುಕಿನಲ್ಲಿ ಹೊರಟರೆ ಸೂರ್ಯೋದಯದ ಹೊತ್ತಿಗೆ ಮೇಲಿನ ವೀರಭದ್ರನ ಗುಡಿ ಸೇರಬಹುದು. ಕೆಳಗೆ 1534ರ ಅಚ್ಯುತರಾಯ ದೇವಾಲಯ, ಪಶ್ಚಿಮಕ್ಕೆ ವಿರೂಪಾಕ್ಷನ ಗೋಪುರ, ಹೊಳೆಯಾಚೆ ಅಂಜನಾದ್ರಿ, ಪೂರ್ವಕ್ಕೆ ಕಂಪ್ಲಿಯ ಕಡೆಯ ಬಯಲು, ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು. ಬೆಳೆಗಾರನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ವಿಜಯನಗರದ ಕಾಲದ ಕಾಲುವೆಗಳಿಂದ ಇಂದಿಗೂ ನೀರುಣ್ಣುವ ಬಾಳೆತೋಟಗಳ ಮೇಲೆ. ಗೊನೆ ಹೊತ್ತ ಬಾಳೆಯನ್ನು ಮಲಗಿಸಲು ಒಂದು ಬಿರುಗಾಳಿ ಸಾಕೆಂಬುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟು ನೋಡಿಕೊಂಡು ಒಂಬತ್ತು ಗಂಟೆಯೊಳಗೆ ಇಳಿದುಬಿಡಬೇಕು. ಮುನಿಯ ಶಾಪಕ್ಕೆ ಹೆದರಿ ವಾಲಿ ಈ ಬೆಟ್ಟಕ್ಕೆ ಕಾಲಿಡಲಿಲ್ಲವೆಂದು ಕಥೆ. ಸಿಡಿಲಿಗೆ ಅಂಥ ಹೆದರಿಕೆಯೇನೂ ಇಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಪ್ರತಿ ಮೂರು ಸೆಕೆಂಡಿಗೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರವಿದೆಯೆಂದು ತಿಳಿಯಬೇಕು. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಅದು ನಮ್ಮನ್ನು ಮುಟ್ಟುವಷ್ಟು ಹತ್ತಿರ. ನಾಲ್ಕೂ ಕಡೆ ತೆರೆದ ಕಲ್ಲುಮಂಟಪವಾಗಲಿ, ಒಂಟಿ ಮರವಾಗಲಿ ಆಸರೆಯಲ್ಲ. ಭದ್ರವಾದ ಮನೆ ಅಥವಾ ಬಾಗಿಲು ಮುಚ್ಚಿದ ಕಾರು, ಬಸ್ಸು ವಾಸಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು.

ಇದನ್ನು ಪ್ರವಾಸದ ಬುದ್ಧಿವಾದವೆಂದು ಬದಿಗಿಡದಿರಲು ಕಾರಣವಿದೆ. ಹೂಮಳೆಯ ಕಾಲದಲ್ಲಿ ನಮ್ಮ ತೋಟಗಳ ಮೇಲೂ ಇದೇ ಬಗೆಯ ಮೋಡ ಕಟ್ಟುತ್ತದೆ. ಆಗಲೇ ಮರಗಸಿಗೆ ಆಳುಗಳು ಮರದ ಮೇಲಿರುತ್ತಾರೆ. ಸ್ವಲ್ಪ ದಿನ ಕಳೆದರೆ ಅಡಿಕೆಗೆ ಬೋರ್ಡೋ ಹೊಡೆಯುವ ಅವಸರ. ಕಾರ್ಬನ್ ದೋಟಿ, ಅಲ್ಯುಮಿನಿಯಂ ಏಣಿ ಎರಡೂ ವಿದ್ಯುತ್ ಹರಿಸುವ ವಸ್ತುಗಳು. ದೂರದಲ್ಲಿ ಗುಡುಗಿದಾಗ "ಇನ್ನು ನಾಲ್ಕು ಮರ ಮುಗಿಸಿಬಿಡೋಣ" ಎನ್ನುವ ಮಾತೇ ಪ್ರಾಣಕ್ಕೆ ಎರವಾಗುವಂಥದು.

ಮರದ ಮೇಲಿರುವ ಕೂಲಿಯಾಳು ತಾನಾಗಿ ಇಳಿಯಲು ಸಂಕೋಚಪಡುತ್ತಾನೆ. ಕೂಲಿ ಕಡಿತವಾದೀತೆಂಬ ಅಂಜಿಕೆ ಅವನಿಗೆ. ಆದ್ದರಿಂದ "ಇಳಿಯಿರಿ" ಎಂಬ ಮಾತು ತೋಟದವರ ಬಾಯಿಂದಲೇ ಬರಬೇಕು. ಮೋಡ ನುಂಗಿದ ಹೊತ್ತಿನ ಕೂಲಿಯನ್ನು ಹಿಡಿಯಬಾರದು. ಎತ್ತರದ ಕೆಲಸವನ್ನು ಬೆಳಿಗ್ಗೆ ಬೇಗ ಹಚ್ಚಿ ಮಧ್ಯಾಹ್ನದೊಳಗೆ ಮುಗಿಸಿ, ನೆಲದ ಕೆಲಸವನ್ನು ಆಮೇಲಕ್ಕೆ ಇಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ. ಗುಡುಗಿದರೆ ಅದನ್ನೂ ಬಿಟ್ಟು ಒಳಗೆ ಸೇರಬೇಕು. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ 'ದಾಮಿನಿ', ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಎಂಬ ಆ್ಯಪ್‌ಗಳು ಮೊಬೈಲಿನಲ್ಲೇ ಮುನ್ಸೂಚನೆ ಕೊಡುತ್ತವೆ. ಮನೆಯ ಮಕ್ಕಳಿಂದ ಹಾಕಿಸಿಕೊಳ್ಳಬಹುದು.

ಮಳೆಯನ್ನು ಇಂಚಿನಲ್ಲಿ ಅಳೆಯುವ ಅಭ್ಯಾಸ ನಮ್ಮದು. ಸಿಡಿಲಿಗೆ ಆ ಅಳತೆ ಸಲ್ಲದು. ಬಂಧುಗಳು ಈ ಬೇಸಗೆಯಲ್ಲಿ ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.