ತಾನಾಗಿ ಸೆಳೆಯುವ ಗಾಳ

ಬಿಡುವಿನ ಕೈಗೆಲಸ

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರದ ಸಮೀಪದಲ್ಲಿ ನೆಲೆಸಿರುವ ನಮ್ಮ ವಾಚಕ ಸೋದರಿಯೊಬ್ಬರು ಕಳೆದ ತಿಂಗಳು ಈ ಪುಟಕ್ಕೆ ಒಂದು ಕಾಗದವನ್ನು ಬರೆದಿದ್ದಾರೆ. ಅವರ ಹನ್ನೆರಡು ವರುಷದ ಮಗನು ಹೋದ ಚಳಿಗಾಲದಲ್ಲಿ ನೆರೆಮನೆಯ ಮುದುಕರೊಡನೆ ಹೆಪ್ಪುಗಟ್ಟಿದ ಸರೋವರಕ್ಕೆ ಮೀನು ಹಿಡಿಯಲು ಹೋಗಿದ್ದನಂತೆ. ಇಬ್ಬರೂ ಗುಡಾರದಲ್ಲಿ ಬಿಸಿ ಚಹ ಕುಡಿಯುತ್ತಿದ್ದಾಗ ದೂರದ ತೂತಿನ ಮೇಲೆ ಬಾವುಟವು ಎದ್ದಿತು. ಅವರು ಅದನ್ನು ಕಂಡು ಓಡಿಹೋಗುವುದರೊಳಗಾಗಿ ಪೈಕ್ ಎಂಬ ಜಾತಿಯ ಮೀನು ಗಾಳವನ್ನು ಹೊಟ್ಟೆಯವರೆಗೂ ನುಂಗಿಬಿಟ್ಟಿತ್ತು. ಅಳತೆ ಮಾಡಿದರೆ 19 ಅಂಗುಲ. ಅಲ್ಲಿಯ ಸಾಮಾನ್ಯ ನಿಯಮದಂತೆ 24 ಅಂಗುಲಕ್ಕೆ ಕಡಿಮೆಯಾದ ಪೈಕನ್ನು ನೀರಿಗೆ ಮರಳಿ ಬಿಡತಕ್ಕದ್ದು. ಗಾಳವನ್ನು ಎಳೆದು ಕಿತ್ತು ಬಿಟ್ಟರು. ಮೀನು ಹೊಟ್ಟೆ ಮೇಲಾಗಿ ತೂತಿನ ಬಾಯಲ್ಲಿಯೇ ತೇಲಿತು. ಹುಡುಗನು ಆ ರಾತ್ರಿ ಊಟ ಮಾಡಲಿಲ್ಲ.

"ಮೀನು ಕಚ್ಚಿದೊಡನೆ ತಾನಾಗಿಯೇ ಸೆಳೆದು ತುಟಿಯಲ್ಲಿಯೇ ಹಿಡಿಯುವ ಯಂತ್ರವಿದೆಯಂತೆ, ಅದನ್ನು ಮಾಡಿಕೊಡಿರೆಂದು ಈಗ ಹಟ ಹಿಡಿದಿದ್ದಾನೆ. ಅದನ್ನು ಕೊಳ್ಳುವುದು ಮೇಲೋ, ಮನೆಯಲ್ಲಿಯೇ ಕಟ್ಟಬಹುದೋ? ಅದಕ್ಕಿಂತ ಮೊದಲು, ಅಂಥದನ್ನು ಮಗುವಿನ ಕೈಗೆ ಕೊಡುವುದು ಸರಿಯೋ?" ಎಂದು ಆ ತಾಯಿ ಕೇಳಿದ್ದಾರೆ. ಮೂರು ಪ್ರಶ್ನೆಗಳಿಗೂ ನಮಗೆ ತಿಳಿದಮಟ್ಟಿಗೆ ಉತ್ತರ ಹೇಳುತ್ತೇವೆ.

ಕೆರೆಯ ನೀರು ಹೆಪ್ಪುಗಟ್ಟುವುದನ್ನು ಕಾಣದ ನಮ್ಮ ಓದುಗರಿಗಾಗಿ ಮೊದಲು ಒಂದೆರಡು ಮಾತು. ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಲ್ಲಕ್ಕಿಂತ ಭಾರವಾಗಿರುವುದು. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗಿ ಮೇಲೆ ನಿಲ್ಲುವುದು. ಆದಕಾರಣ ಸರೋವರವು ಮೇಲಿನಿಂದ ಹೆಪ್ಪುಗಟ್ಟುತ್ತ ಬರುತ್ತದೆಯೇ ಹೊರತು ತಳದಿಂದಲ್ಲ. ಮಂಜುಗಡ್ಡೆಯ ಕೆಳಗೆ ಮೀನುಗಳು ಚಳಿಗಾಲವನ್ನೆಲ್ಲ ಜೀವಿಸಿಕೊಂಡಿರುವುವು. ಆದರೆ ಅವುಗಳ ಮೈ ನೀರಿನಷ್ಟೇ ತಣ್ಣಗಾಗಿ, ಹಸಿವೂ ಚಲನೆಯೂ ಕುಗ್ಗಿರುತ್ತವೆ. ಬೇಸಗೆಯಲ್ಲಿ ಹಾರಿಬಿದ್ದು ಕಚ್ಚುವ ಮೀನು ಮಾಘದ ಚಳಿಯಲ್ಲಿ ಎರೆಯನ್ನು ಮೂಸಿ, ಮೆಲ್ಲನೆ ಬಾಯೊಳಗೆ ಸೆಳೆದು, ರುಚಿಸದಿದ್ದರೆ ಉಗುಳಿಬಿಡುವುದು. ನಮ್ಮ ಸೋದರಿಯ ಪ್ರಶ್ನೆಗೆಲ್ಲ ಮೂಲವು ಇಲ್ಲಿಯೇ ಇದೆ.

ಬೈರಿಗೆಯಿಂದ ಗಡ್ಡೆಯಲ್ಲಿ 6ರಿಂದ 10 ಅಂಗುಲದ ತೂತನ್ನು ಕೊರೆದು, ಅದರೊಳಗೆ ಎರೆಯನ್ನು ಇಳಿಬಿಟ್ಟು ಕಾಯುವುದೇ ಅಲ್ಲಿಯ ಪದ್ಧತಿ. ಕಾಯುವವರ ಶ್ರಮವನ್ನು ಉಳಿಸಲು ಟಿಪ್-ಅಪ್ ಎಂಬ ಸಾಧನವುಂಟು: ಅಡ್ಡಕಡ್ಡಿಯೊಂದು ತೂತಿನ ಮೇಲೆ ಕುಳಿತಿರುವುದು, ದಾರದ ಉರುಳೆಯು ಹೆಪ್ಪುಗಟ್ಟದಂತೆ ನೀರಿನೊಳಗೇ ಇರುವುದು, ಮೀನು ದಾರವನ್ನು ಎಳೆದರೆ ಮೇಲೆ ಬಾವುಟವು ಏಳುವುದು. ಮಿಷಿಗನ್ನಿನ ಹೋಟನ್ ಸರೋವರದ ತೀರದಲ್ಲಿ 1951ರಲ್ಲಿ ಮೊದಲಾದ ಚಳಿಗಾಲದ ಜಾತ್ರೆಗೆ ಟಿಪ್-ಅಪ್ ಟೌನ್ ಎಂದೇ ಹೆಸರು; ಈ ಕಡ್ಡಿಯು ಅಲ್ಲಿಯವರಿಗೆ ಎಷ್ಟು ಆಪ್ತವೆಂಬುದು ಇದರಿಂದ ವಿಶದವಾಗುತ್ತದೆ. ಆದರೆ ಟಿಪ್-ಅಪ್ ಸುದ್ದಿ ಹೇಳುವುದು ಮಾತ್ರ, ಗಾಳವನ್ನು ನಾಟಿಸುವುದಿಲ್ಲ. ಬಾವುಟ ಎದ್ದ ಗಳಿಗೆಗೂ ಮನುಷ್ಯನ ಕೈ ದಾರವನ್ನು ಮುಟ್ಟುವ ಗಳಿಗೆಗೂ ನಡುವೆ ಮೀನು ಎರೆಯನ್ನು ಉಗುಳಬಹುದು, ಇಲ್ಲವೆ ಒಳಕ್ಕೆ ನುಂಗಬಹುದು. ಮೊದಲನೆಯದು ಹಿಡಿಯುವವನಿಗೆ ನಷ್ಟ; ಎರಡನೆಯದು ಬಿಡಬೇಕಾದ ಮೀನಿಗೆ ಪ್ರಾಣಸಂಕಟ.

ಈ ನಡುಗಾಲವನ್ನು ಇಲ್ಲವೆನಿಸುವುದೇ ತಾನಾಗಿ ಸೆಳೆಯುವ ಯಂತ್ರದ ಯುಕ್ತಿ. ಇದರ ತತ್ತ್ವವು ನಮ್ಮವರಿಗೆ ಹೊಸದೇನೂ ಅಲ್ಲ. ಅಡಿಗೆಮನೆಯ ಇಲಿಬೋನು ಮಾಡುವುದೂ ಇದನ್ನೇ. ಬಗ್ಗಿಸಿದ ಬಿದಿರಿಗೆ ಉರುಲು ಕಟ್ಟುವವನು ಮಾಡುವುದೂ ಇದನ್ನೇ. ಬಲವನ್ನು ಮೊದಲೇ ಕೂಡಿಟ್ಟು, ಸಣ್ಣದೊಂದು ಕೊಂಡಿಯಿಂದ ತಡೆದಿಟ್ಟು, ಮುಟ್ಟಿದೊಡನೆ ಕೋವಿಯ ಕುದುರೆ ಸರಿದಂತೆ ಕೊಂಡಿ ಸರಿಯುವ ಹಾಗೆ ಮಾಡುವುದು. ಗಾಳಕ್ಕೆ ಸ್ಪ್ರಿಂಗನ್ನು ಜೋಡಿಸುವ ಆಸೆಯೂ ಹಳೆಯದು. ಅಮೆರಿಕದಲ್ಲಿ 1846ರಷ್ಟು ಹಿಂದೆಯೇ ಸ್ಪ್ರಿಂಗಿನ ಗಾಳಕ್ಕೆ ಪೇಟೆಂಟ್ ಕೊಟ್ಟಿದ್ದರು. ಅದರಲ್ಲಿ ಗಾಳವೇ ಬಾಯೊಳಗೆ ಸಿಡಿಯುತ್ತಿತ್ತು. ಈಗಿನ ಯಂತ್ರದಲ್ಲಿ ಗಾಳವು ಸಾಧಾರಣವಾದುದೇ. ಸಿಡಿಯುವುದು ನೀರಿನ ಮೇಲಿರುವ ಕೋಲು. ಈ ಭೇದವು ಮುಖ್ಯವಾದುದು.

ಈಗ ಬಳಕೆಯಲ್ಲಿರುವವು ಎರಡು ಬಗೆ. ಮೊದಲನೆಯದರಲ್ಲಿ ಕೋಲೇ ಸ್ಪ್ರಿಂಗು: ಎರಡಡಿಗಿಂತ ತುಸು ಉದ್ದದ ಗಾಳದ ಕೋಲನ್ನು ಪೀಠಕ್ಕೆ ಓರೆಯಾಗಿ ನಿಲ್ಲಿಸಿ, ಅದರ ತುದಿಯನ್ನು ಬಿಲ್ಲಿನಂತೆ ಕೆಳಗೆ ಬಾಗಿಸಿ, ದಾರದಿಂದಲೇ ಕೊಂಡಿಗೆ ತಡೆದಿಡುವರು. ಅಂಗಡಿಗಳಲ್ಲಿ ಜಾ ಜಾಕರ್ ಎಂಬ ಹೆಸರಿನಿಂದ ದೊರೆಯುವುದು ಈ ಜಾತಿಯದು. ಎರಡನೆಯದರಲ್ಲಿ ಕೋಲು ಬಾಗುವುದಿಲ್ಲ. ಕೋಲನ್ನು ಹೊತ್ತ ತೊಟ್ಟಿಲು ಕೀಲಿನ ಮೇಲೆ ತಿರುಗುವಂತಿದ್ದು, ಅದನ್ನು ಉಕ್ಕಿನ ಸ್ಪ್ರಿಂಗಾಗಲಿ ರಬ್ಬರಿನ ಪಟ್ಟಿಯಾಗಲಿ ಮೇಲಕ್ಕೆ ಸೆಳೆಯುವುದು. ಮೊದಲನೆಯದು ಸರಳ, ಕೆಡುವ ಅಂಗಗಳು ಕಡಿಮೆ, ಸೆಳೆತವೂ ಮೃದು. ಎರಡನೆಯದರ ಸೆಳೆತವು ಗಡುಸು. ರಬ್ಬರಾದರೆ ಕಡುಚಳಿಯಲ್ಲಿ ಬಿಗಿದುಕೊಂಡು ನಿನ್ನೆಯ ಹದ ಇಂದು ಇರುವುದಿಲ್ಲ. ಹುಡುಗನಿಗೆ ಮೊದಲನೆಯ ಬಗೆಯೇ ಯೋಗ್ಯವೆಂದು ನಮ್ಮ ಅಭಿಪ್ರಾಯ.

ಕೊಳ್ಳುವುದಾದರೆ ಅಂಗಡಿಯಲ್ಲಿಯೇ ನಾಲ್ಕು ಸಂಗತಿಗಳನ್ನು ಪರೀಕ್ಷಿಸತಕ್ಕದ್ದು. ದಪ್ಪ ಕೈಚೀಲವನ್ನು ತೊಟ್ಟುಕೊಂಡೇ ಕೊಂಡಿಯನ್ನು ಹೂಡಲು ಬರುವುದೇ? ಕೊಂಡಿಯ ಬಿಗಿಯನ್ನು ಹೆಚ್ಚು ಕಡಿಮೆ ಮಾಡಲು ತಿರುಪು ಇದೆಯೇ? ಪೀಠವು ಮಂಜಿನ ಮೇಲೆ ಜಾರದಷ್ಟು ಅಗಲವಾಗಿದೆಯೇ? ತಮ್ಮಲ್ಲಿರುವ ಕೋಲು ಅದರ ಹಿಡಿಯಲ್ಲಿ ಭದ್ರವಾಗಿ ಕೂಡುವುದೇ? ನಾಲ್ಕಕ್ಕೂ ಹೌದೆಂದು ಉತ್ತರ ಬಂದರೆ ಕೊಳ್ಳಬಹುದು. ಬಾಗಿಸಿ ಇಡುವುದಕ್ಕೆ ಗಾಜಿನ ನಾರಿನ ಕೋಲು ಲೇಸು. ಗ್ರಾಫೈಟಿನ ಕೋಲು ಹಗುರವಾದರೂ ಚಳಿಯಲ್ಲಿ ಬಹುಕಾಲ ಬಾಗಿಸಿಟ್ಟರೆ ಮುರಿಯುವ ಭಯವುಂಟು.

ಆದರೆ ಮಗನು ಕೇಳಿದ್ದು "ಕೊಡಿಸಿ" ಎಂದಲ್ಲ, "ಮಾಡಿಕೊಡಿ" ಎಂದು. ತಾಯಿತಂದೆಗಳು ಅವನೊಡನೆ ಕುಳಿತು ಮಾಡುವುದಾದರೆ ಇದು ಎರಡು ರವಿವಾರಗಳ ಕೆಲಸ. ಎರಡಡಿ ಉದ್ದ, ನಾಲ್ಕಂಗುಲ ಅಗಲದ ಹಲಗೆಯೊಂದು ಪೀಠ. ನೀರು ಹೀರಿ ಉಬ್ಬದಂತೆ ಅದಕ್ಕೆ ಎರಡು ಸಲ ವಾರ್ನಿಷ್ ಹಚ್ಚಬೇಕು. ಹಿಂಬದಿಯಲ್ಲಿ ಓರೆಯಾಗಿ ಒಂದು ಗೂಟ. ಅದಕ್ಕೆ ಕೋಲಿನ ಹಿಡಿಯನ್ನು ಎರಡು ಕಡೆ ಪಟ್ಟಿಯಿಂದ ಬಿಗಿಯಬೇಕು. ಮುಂಬದಿಯಲ್ಲಿ, ತೂತಿನ ಅಂಚಿಗೆ ಚಾಚಿಕೊಂಡಂತೆ, ಕೊಂಡಿ. ಯಂತ್ರದ ಜೀವವೆಲ್ಲ ಈ ಕೊಂಡಿಯಲ್ಲಿಯೇ ಇದೆ.

ಕೊಂಡಿಯು ಒಂದು ಸಣ್ಣ ಸನ್ನೆಗೋಲು. ಅದರ ಹಿಂತುದಿ ಕೀಲಿನ ಮೇಲೆ ತಿರುಗುವುದು. ಮುಂತುದಿ ತೂತಿನ ಮೇಲಿರುವುದು. ಮೇಲಕ್ಕೆ ಏಳದಂತೆ ಒಂದು ತಡೆಮೊಳೆ ಇರುವುದು. ಕೀಲಿಗೆ ತೀರ ಹತ್ತಿರದಲ್ಲಿ ಒಂದು ಸಣ್ಣ ಗೂಟ. ಬಾಗಿದ ಕೋಲಿನ ತುದಿಯಿಂದ ಬಂದ ದಾರವನ್ನು ಆ ಗೂಟಕ್ಕೆ ಒಂದು ಸುತ್ತು ಸುತ್ತಿ, ಸನ್ನೆಗೋಲಿನ ಮುಂತುದಿಯ ತೆರೆದ ಸೀಳಿನ ಮೂಲಕ ನೀರಿಗೆ ಇಳಿಬಿಡಬೇಕು. ಕೋಲು ದಾರವನ್ನು ಮೇಲಕ್ಕೆ ಸೆಳೆದಷ್ಟೂ ಸನ್ನೆಗೋಲು ತಡೆಮೊಳೆಗೆ ಒತ್ತಿಕೊಂಡು ನಿಲ್ಲುವುದು. ಮೀನು ಮುಂತುದಿಯನ್ನು ಕೆಳಗೆ ಎಳೆದರೆ ಸನ್ನೆಗೋಲು ಬಾಗಿ, ಸುತ್ತು ಗೂಟದಿಂದ ಜಾರಿ, ಕೋಲು ನೆಟ್ಟಗಾಗುವುದು. ಗಾಳವು ತುಟಿಗೆ ನಾಟುವುದು.

ಇದರ ಲೆಕ್ಕ ಕಷ್ಟವಲ್ಲ. ಹುಡುಗನಿಗೆ ಶಾಲೆಯ ಪಾಠವೂ ಆದೀತು. ಬಾಗಿದ ಕೋಲು 600 ಗ್ರಾಂ ಬಲದಿಂದ ಸೆಳೆಯುತ್ತಿದೆ ಎನ್ನೋಣ. ಗೂಟವು ಕೀಲಿನಿಂದ ಕಾಲು ಸೆಂಟಿಮೀಟರ್ ದೂರ. ಸೀಳು 5 ಸೆಂಟಿಮೀಟರ್ ದೂರ. ಒಂದಕ್ಕೆ ಇಪ್ಪತ್ತರ ಪ್ರಮಾಣ. ಆದುದರಿಂದ 600ನ್ನು 20ರಿಂದ ಭಾಗಿಸಿದರೆ ಬರುವ 30 ಗ್ರಾಂ ಎಳೆತಕ್ಕೆ ಕೊಂಡಿ ಬಿಡಬೇಕು. ಉಜ್ಜಾಟದಿಂದ ಇದಕ್ಕೆ ತುಸು ಹೆಚ್ಚೇ ಬೇಕಾದೀತು; ಆದಕಾರಣ ಲೆಕ್ಕವನ್ನು ನಂಬಿ ಸುಮ್ಮನಿರದೆ ತೂಗಿ ನೋಡಬೇಕು. ಅಮೆರಿಕದ ಐದು ಸೆಂಟಿನ ನಾಣ್ಯವು ಸರಿಯಾಗಿ 5 ಗ್ರಾಂ ತೂಗುವುದು. ದಾರದ ತುದಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಒಂದೊಂದೇ ನಾಣ್ಯವನ್ನು ಮೆಲ್ಲನೆ ಹಾಕುತ್ತ ಹೋಗಿರಿ. ಎರಡು ಮೂರಕ್ಕೇ ಕೊಂಡಿ ಬಿಟ್ಟರೆ ಎರೆಯ ಮರಿಮೀನಿನ ಒದ್ದಾಟಕ್ಕೇ ಅದು ಸಿಡಿಯುವುದು. ಹನ್ನೆರಡು ಬೇಕಾದರೆ ಪರ್ಚ್ ಮೊದಲಾದ ಮೃದುವಾಗಿ ಕಚ್ಚುವ ಮೀನುಗಳು ಎರೆಯನ್ನು ಬಿಟ್ಟು ಹೋಗುವುವು. ಐದಾರು ನಾಣ್ಯಗಳಿಂದ ಆರಂಭಿಸಿ, ಸರೋವರದ ಮೇಲೆ ಅನುಭವ ನೋಡಿಕೊಂಡು ಗೂಟವನ್ನು ಕೂದಲೆಳೆಯಷ್ಟು ಸರಿಸುತ್ತ ಹದಕ್ಕೆ ತರಬೇಕು.

ಬೆಚ್ಚಗಿನ ಮನೆಯಲ್ಲಿ ಹದವಾಗಿದ್ದುದು ಸರೋವರದ ಮೇಲೆ ಕೆಡುವುದಕ್ಕೆ ಕಾರಣಗಳು ಹಲವು. ಕೀಲಿಗೆ ಹಚ್ಚಿದ ಎಣ್ಣೆ ಚಳಿಗೆ ಗಟ್ಟಿಯಾಗುವುದು. ಅದರ ಬದಲು ಸೀಸದಕಡ್ಡಿಯ ಪುಡಿಯನ್ನು ಉಜ್ಜಿದರೆ ಸಾಕು. ಕೊಂಡಿಯ ಮೇಲೆ ಬಿದ್ದ ಒಂದು ಹನಿ ನೀರು ಹೆಪ್ಪುಗಟ್ಟಿದರೆ ಯಂತ್ರವೇ ಬೆಸೆದುಹೋಗುವುದು. ಎಲ್ಲಕ್ಕಿಂತ ಹೆಚ್ಚಿನ ಕೇಡೆಂದರೆ, ತೂತಿನ ನೀರಿನ ಮೇಲೆ ಹಾಲಿನ ಕೆನೆಯಂತೆ ಮತ್ತೆ ಮಂಜು ಕಟ್ಟಿ ದಾರವನ್ನು ಹಿಡಿದುಬಿಡುವುದು. ಆಗ ಕೆಳಗೆ ಮೀನು ನುಂಗುತ್ತಿದ್ದರೂ ಮೇಲಿನ ಕೊಂಡಿಗೆ ಸುದ್ದಿ ಮುಟ್ಟದು. ಉರುಳೆಯನ್ನು ನೀರಿನೊಳಗೆ ಇಡುವ ಟಿಪ್-ಅಪ್ಪಿಗೆ ಇರುವ ರಕ್ಷಣೆ ಇದಕ್ಕಿಲ್ಲ. ದಾರ ಹಾಯುವಷ್ಟು ಸೀಳು ಬಿಟ್ಟ, ಹಗುರವಾದ ನೊರೆಹಲಗೆಯ ಮುಚ್ಚಳದಿಂದ ತೂತನ್ನು ಮುಚ್ಚಿ, ಆಗಾಗ ಜಾಲರಿಯ ಸೌಟಿನಿಂದ ಮಂಜನ್ನು ತೆಗೆಯುತ್ತಿರಬೇಕು. ಆಳವಾದ ನೀರಿನಲ್ಲಿ ನೈಲಾನ್ ದಾರವು ಹಿಗ್ಗಿ ಸೆಳೆತವನ್ನು ತಾನೇ ನುಂಗಿಬಿಡುವುದರಿಂದ ಅಲ್ಲಿ ಹೆಣೆದ ದಾರವೇ ವಾಸಿ. ಕ್ರಾಪಿಯಂತಹ ಮೀನುಗಳ ತುಟಿ ಕಾಗದದಷ್ಟು ತೆಳು. ಅವುಗಳಿಗೆ ಕೋಲನ್ನು ಕಡಿಮೆ ಬಾಗಿಸತಕ್ಕದ್ದು. ಪೈಕಿನ ಬಾಯಿ ಎಲುಬಿನದು, ಅದಕ್ಕೆ ಹೆಚ್ಚು.

ಕಾನೂನಿನ ವಿಷಯ. ಮಿಷಿಗನ್ನಿನಲ್ಲಿ ಒಬ್ಬನಿಗೆ ಮೂರು ದಾರಗಳ ಮಿತಿಯಿದೆ. ದಾರಗಳು ಹಿಡಿಯುವವನ ಹತೋಟಿಯಲ್ಲಿಯೇ ಇರಬೇಕು. ಬೇರೆ ಸಂಸ್ಥಾನಗಳಲ್ಲಿ ದಾರದ ಸಂಖ್ಯೆಯೂ, ಸ್ಪ್ರಿಂಗಿನ ಸಾಧನಗಳ ಬಗೆಗಿನ ಕಟ್ಟಳೆಯೂ ಬೇರೆ. ಆಯಾ ವರುಷದ ನಿಯಮಪುಸ್ತಕವನ್ನು ಓದದೆ ಹಲಗೆಗೆ ಗರಗಸವನ್ನು ಮುಟ್ಟಿಸಬೇಡಿರಿ.

ಇನ್ನು ಮಗುವಿನ ಕ್ಷೇಮ. ಹೂಡಿದ ಕೋಲಿನ ಮೇಲೆ ಮುಖ ಬಾಗಿಸಕೂಡದು; ಸಿಡಿದ ತುದಿ ಕಣ್ಣಿಗೆ ಬಡಿದೀತು. ನಡೆದು ಹೋಗುವುದಕ್ಕೆ ತಿಳಿಯಾದ ಹೊಸ ಗಡ್ಡೆ ನಾಲ್ಕಂಗುಲವಾದರೂ ದಪ್ಪವಿರಬೇಕೆಂದು ಸಾಮಾನ್ಯವಾಗಿ ಎಣಿಸುವರು; ಬಿಳಿಯ ಗಡ್ಡೆಯಾದರೆ ಅದರ ಇಮ್ಮಡಿ. ಆದರೂ ಒಂದೇ ಸರೋವರದಲ್ಲಿ ದಪ್ಪವು ಹೆಜ್ಜೆಹೆಜ್ಜೆಗೂ ಬೇರೆಯಾಗಬಹುದಾದುದರಿಂದ, ಕೊರೆದು ನೋಡುತ್ತ ಮುಂದುವರಿಯಬೇಕು. ಒಂಟಿಯಾಗಿ ಎಂದಿಗೂ ಹೋಗಕೂಡದು.

ಕಡೆಯ ಪ್ರಶ್ನೆ ಉಳಿಯಿತು: ಇದು ಸರಿಯೋ? ಸೋದರಿಯವರೆ, ಈ ಯಂತ್ರವು ಸರಿಯಾಗಿ ಕೆಲಸ ಮಾಡಿದರೆ ಗಾಳವು ಬಹುಮಟ್ಟಿಗೆ ತುಟಿಯಲ್ಲಿಯೇ ನಾಟುವುದು. ಬಿಟ್ಟ ಮೀನು ಬದುಕುವ ಸಂಭವವು ಹೆಚ್ಚುವುದು. ನಿಮ್ಮ ಮಗನ ಬುದ್ಧಿಗೆ ಹೊಳೆದುದು ನಿಜವೇ. ಆದರೆ ಯಂತ್ರವು ಹಿಡಿಯಬಲ್ಲುದು, ಬಿಡಲಾರದು. ಹೂಡಿಟ್ಟು ಗುಡಾರದಲ್ಲಿ ಚಹ ಕುಡಿಯುತ್ತ ಕುಳಿತರೆ, ತುಟಿಗೆ ಸಿಕ್ಕ ಮೀನೂ ದಾರದಲ್ಲಿ ನೇತಾಡಿ ಬಳಲುವುದು. ಹೋದ ವರುಷದ ತಪ್ಪೇ ಬೇರೆ ರೂಪದಲ್ಲಿ ಬಂದಂತಾಯಿತು. ಅಂದು ಮೀನನ್ನು ಕೊಂದುದು ಬಾವುಟವಲ್ಲ, ಬಾವುಟಕ್ಕೂ ಕೈಗೂ ನಡುವೆ ಇದ್ದ ದೂರ. ಅದನ್ನು ಯಂತ್ರವು ಅರ್ಧ ಕಡಿಮೆ ಮಾಡೀತು. ಉಳಿದರ್ಧವನ್ನು ನಿಮ್ಮ ಮಗನೇ ನಡೆಯಬೇಕು.

ಆದಕಾರಣ ಯಂತ್ರದ ಜೊತೆಗೆ ಈ ನಾಲ್ಕು ಮಾತುಗಳನ್ನೂ ಅವನಿಗೆ ಕೊಡಿರಿ. ಗಾಳದ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಲಿ. ದಾರ ಬಿಗಿಯಾಗಿರುವವರೆಗೆ ಮುಳ್ಳಿಲ್ಲದ ಗಾಳವೂ ಹಿಡಿಯುವುದು, ಕೀಳುವುದು ಸುಲಭ. ಬಿಡುವ ಮೀನನ್ನು ಒದ್ದೆಗೈಯಿಂದ ಮುಟ್ಟಲಿ. ಮಂಜಿನ ಮೇಲೆ ಮಲಗಿಸದಿರಲಿ. ಆ ಗಾಳಿಗೆ ಅದರ ಕಿವಿರೂ ಕಣ್ಣೂ ಹೆಪ್ಪುಗಟ್ಟುವುವು. ಗಾಳವು ಒಳಕ್ಕೇ ಹೋಗಿದ್ದರೆ ಕೀಳಲು ಹೋಗದೆ, ಬಾಯ ಬಳಿ ದಾರವನ್ನು ಕತ್ತರಿಸಿ ಹಾಗೆಯೇ ಬಿಡಲಿ; ಕಿತ್ತುದಕ್ಕಿಂತ ಅದು ಬದುಕುವ ಸಾಧ್ಯತೆ ಹೆಚ್ಚು. ಹೋದ ವರುಷ ಅವನಿಗೆ ಯಾರೂ ಇದನ್ನು ಹೇಳಿರಲಿಲ್ಲ. ಅದು ಹುಡುಗನ ತಪ್ಪಲ್ಲವೆಂದೂ ನಮ್ಮ ಪರವಾಗಿ ತಿಳಿಸಿರಿ.

ಊಟ ಬಿಟ್ಟ ಆ ಒಂದು ರಾತ್ರಿಯು ವ್ಯರ್ಥವಾಗಿಲ್ಲ. ಹಲಗೆಯನ್ನು ತರಿಸಿಕೊಡಿರಿ, ಗರಗಸವನ್ನು ಅವನೇ ಹಿಡಿಯಲಿ, ಹಲಗೆಯನ್ನು ನೀವು ಹಿಡಿದುಕೊಳ್ಳಿರಿ.