ಬೇಡದ ಕರೆಗೆ 500 ಡಾಲರ್ ಪರಿಹಾರ: ‘ಒಪ್ಪಿಗೆ’ಯಲ್ಲೇ ಇದೆ ಮರ್ಮ

ಕಾರಿನ ವಾರಂಟಿ, ಆರೋಗ್ಯ ವಿಮೆ, ಸೋಲಾರ್ ಪ್ಯಾನೆಲ್, ಸಾಲ... ಅಮೆರಿಕದಲ್ಲಿರುವ ಕನ್ನಡಿಗರ ಮೊಬೈಲ್‌ಗೆ ಇಂಥ ಕರೆಗಳು ಬರದ ದಿನವೇ ಅಪರೂಪ. ‘ನಂಬರನ್ನು ಡು ನಾಟ್ ಕಾಲ್ ಪಟ್ಟಿಗೆ ಸೇರಿಸಿದ್ದೇನೆ, ಆದರೂ ಕಾಟ ತಪ್ಪಿಲ್ಲ’ ಎಂದು ತೆರಿಗೆ ಲೆಕ್ಕ ಮಾಡಿಸಲು ಬರುವವರೂ ನನ್ನ ಬಳಿ ಹೇಳಿಕೊಳ್ಳುತ್ತಾರೆ. ಹಾಗಾದರೆ ಈ ದೇಶದಲ್ಲಿ ಕಾನೂನು ಇಲ್ಲವೇ? ಇದೆ, ಸಾಕಷ್ಟು ಬಿಗಿಯಾಗಿಯೇ ಇದೆ. ಆದರೆ ಅದರ ಬಲವೆಲ್ಲ ನಿಂತಿರುವುದು ‘ಒಪ್ಪಿಗೆ’ ಎಂಬ ಒಂದು ಪದದ ಮೇಲೆ.

1991ರ ದೂರವಾಣಿ ಗ್ರಾಹಕರ ರಕ್ಷಣಾ ಕಾಯ್ದೆ (ಟಿಸಿಪಿಎ) ಈ ವ್ಯವಸ್ಥೆಯ ಅಡಿಪಾಯ. ಡು ನಾಟ್ ಕಾಲ್ ಪಟ್ಟಿ ಆರಂಭವಾದದ್ದು 2003ರಲ್ಲಿ. ಈಗ ಅದರಲ್ಲಿ 25 ಕೋಟಿಗೂ ಹೆಚ್ಚು ನಂಬರುಗಳಿವೆ. ನೋಂದಣಿ ಉಚಿತ. ಒಮ್ಮೆ ಸೇರಿಸಿದರೆ ಮತ್ತೆ ನವೀಕರಿಸಬೇಕಿಲ್ಲ. ಸೇರಿಸಿ 31 ದಿನಗಳಾದ ಮೇಲೂ ಮಾರಾಟದ ಕರೆ ಬಂದರೆ ದೂರು ಕೊಡಬಹುದು.

ಈ ಕಾಯ್ದೆಯ ನಿಜವಾದ ಶಕ್ತಿ ಇರುವುದು ದಂಡದಲ್ಲಲ್ಲ, ಸಾಮಾನ್ಯ ಗ್ರಾಹಕನೇ ನೇರವಾಗಿ ಮೊಕದ್ದಮೆ ಹೂಡಬಹುದು ಎಂಬುದರಲ್ಲಿ. ಅನುಮತಿ ಇಲ್ಲದೆ ಮೊಬೈಲ್‌ಗೆ ಬಂದ ಒಂದೊಂದು ರೆಕಾರ್ಡ್ ಮಾಡಿದ ಧ್ವನಿಯ ಕರೆಗೂ 500 ಡಾಲರ್ ಕೇಳಬಹುದು. ಬೇಕೆಂದೇ ಮಾಡಿದ್ದೆಂದು ಸಾಬೀತಾದರೆ ಅದು 1,500 ಡಾಲರ್‌ವರೆಗೆ ಏರಬಹುದು. ಪಟ್ಟಿಯಲ್ಲಿರುವ ನಂಬರಿಗೆ ಒಂದೇ ಕಂಪನಿ 12 ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ನಿಯಮ ಮೀರಿ ಕರೆ ಮಾಡಿದರೂ ಇದೇ ಹಕ್ಕು ಇದೆ. 2024ರ ಫೆಬ್ರುವರಿಯಲ್ಲಿ ಸಂವಹನ ಆಯೋಗವಾದ ಎಫ್‌ಸಿಸಿ, ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಧ್ವನಿಯನ್ನೂ ಈ ಕಾಯ್ದೆಯ ವ್ಯಾಪ್ತಿಗೆ ತಂದಿತು.

ಭಾರತದೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬ್ಯಾಂಕಿನ ಒಟಿಪಿಗಾಗಿ ಊರಿನ ಸಿಮ್ ಉಳಿಸಿಕೊಂಡ ನಮ್ಮಲ್ಲಿ ಅನೇಕರಿಗೆ ಅಲ್ಲಿನ ಮಾರಾಟದ ಕರೆಗಳು ಇಲ್ಲಿನ ನಡುರಾತ್ರಿಯಲ್ಲಿ ಬರುತ್ತವೆ. ಅಲ್ಲಿ ಟ್ರಾಯ್‌ನ 2018ರ ನಿಯಮಗಳಿವೆ, 1909ಕ್ಕೆ ದೂರು ಕೊಡುವ ವ್ಯವಸ್ಥೆಯಿದೆ. 2025ರ ತಿದ್ದುಪಡಿಯಲ್ಲಿ ದೂರಿನ ಗಡುವು ಮೂರು ದಿನದಿಂದ ಏಳು ದಿನಕ್ಕೆ ಏರಿದೆ. ಆದರೆ ಕ್ರಮವೆಲ್ಲ ಟೆಲಿಕಾಂ ಕಂಪನಿ ಮತ್ತು ಕರೆ ಮಾಡಿದವರ ಮೇಲೆಯೇ. ದೂರುದಾರನಿಗೆ ಕರೆಗೆ ಇಷ್ಟು ಎಂಬ ಪರಿಹಾರ ಆ ನಿಯಮಗಳಲ್ಲಿಲ್ಲ.

ಅಮೆರಿಕದ ಕಾಯ್ದೆ ಸೋರುವುದು ಒಪ್ಪಿಗೆಯ ಜಾಗದಲ್ಲಿ. ವಿಮೆಯ ದರ ಹೋಲಿಸಿ ನೋಡಲು ಯಾವುದೋ ತಾಣದಲ್ಲಿ ನಂಬರ್ ಕೊಡುತ್ತೇವೆ. ಕೆಳಗಿನ ಸಣ್ಣಕ್ಷರದಲ್ಲಿ ‘ನಮ್ಮ ಪಾಲುದಾರ ಕಂಪನಿಗಳು ಸಂಪರ್ಕಿಸಬಹುದು’ ಎಂದಿರುತ್ತದೆ. ಒಂದು ಟಿಕ್ ಹಾಕಿದರೆ ಆ ಒಪ್ಪಿಗೆ ಹತ್ತಾರು ಕಂಪನಿಗಳಿಗೆ ಮಾರಾಟವಾಗುತ್ತದೆ. ಇದನ್ನು ತಡೆಯಲು ಎಫ್‌ಸಿಸಿ, ಒಂದು ಒಪ್ಪಿಗೆ ಒಂದೇ ಕಂಪನಿಗೆ ಎಂಬ ನಿಯಮ ರೂಪಿಸಿತ್ತು. ಅದು ಜಾರಿಗೆ ಬರಲು ಮೂರು ದಿನ ಬಾಕಿ ಇರುವಾಗ, 2025ರ ಜನವರಿ 24ರಂದು, ಹನ್ನೊಂದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಅದೇ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಈ ಕಾಯ್ದೆಗೆ ಎಫ್‌ಸಿಸಿ ಕೊಡುವ ಅರ್ಥವನ್ನೇ ಜಿಲ್ಲಾ ನ್ಯಾಯಾಲಯಗಳು ಒಪ್ಪಬೇಕಿಲ್ಲ ಎಂದಿತು. ಪರಿಣಾಮವಾಗಿ, ಪಟ್ಟಿಯ ನಿಯಮ ಟೆಕ್ಸ್ಟ್ ಸಂದೇಶಕ್ಕೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಬೇರೆ ಬೇರೆ ನ್ಯಾಯಾಲಯಗಳು ಬೇರೆ ಬೇರೆ ಉತ್ತರ ಕೊಟ್ಟಿವೆ.

ಇನ್ನು, ಶುದ್ಧ ವಂಚಕರಿಗೆ ಯಾವ ಪಟ್ಟಿಯೂ ಲೆಕ್ಕಕ್ಕಿಲ್ಲ. ತೆರಿಗೆ ಇಲಾಖೆಯ ಅಧಿಕಾರಿಗಳೆಂದು ನಂಬಿಸಿ, ಭಾರತದ ಕಾಲ್ ಸೆಂಟರ್‌ಗಳಿಂದ ಹಣ ಸುಲಿದ ಜಾಲದ 21 ಮಂದಿಗೆ 2018ರಲ್ಲಿ ಅಮೆರಿಕದ ನ್ಯಾಯಾಲಯ ಶಿಕ್ಷೆ ವಿಧಿಸಿತು. ನೆನಪಿಡಿ: ತೆರಿಗೆ ಬಾಕಿಯ ಬಗ್ಗೆ ಐಆರ್‌ಎಸ್ ಸಾಮಾನ್ಯವಾಗಿ ಮೊದಲು ಪತ್ರ ಬರೆಯುತ್ತದೆ. ಗಿಫ್ಟ್ ಕಾರ್ಡ್‌ನಲ್ಲಿ ಹಣ ಕೇಳುವುದೇ ಇಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲನೆಯದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವುದು. 2025ರ ಏಪ್ರಿಲ್ 11ರಿಂದ, ‘ಸ್ಟಾಪ್’ ಎಂದರೆ ಕಂಪನಿ 10 ಕೆಲಸದ ದಿನಗಳೊಳಗೆ ಪಾಲಿಸಲೇಬೇಕು. ಯಾರೆಂದು ಗೊತ್ತಿರುವ ಕಂಪನಿಗೆ ಮಾತ್ರ ಹಾಗೆ ಉತ್ತರಿಸಿ. ಅಪರಿಚಿತ ಸಂದೇಶಕ್ಕೆ ಉತ್ತರ ಕೊಟ್ಟರೆ ನಂಬರ್ ಚಾಲ್ತಿಯಲ್ಲಿದೆ ಎಂದು ನಾವೇ ತಿಳಿಸಿದಂತೆ. ಎರಡನೆಯದು, ದಾಖಲೆ. ದಿನಾಂಕ, ಸಮಯ, ಕಂಪನಿಯ ಹೆಸರು, ಸ್ಕ್ರೀನ್‌ಶಾಟ್, ವಾಯ್ಸ್‌ಮೇಲ್ ಇಟ್ಟುಕೊಳ್ಳಿ. ಮೊಕದ್ದಮೆಗೆ ನಾಲ್ಕು ವರ್ಷ ಕಾಲಾವಕಾಶವಿದೆ. ಲೆಕ್ಕಿಗನಾಗಿ ಇನ್ನೊಂದು ಮಾತು: ಇಂಥ ಪ್ರಕರಣದಲ್ಲಿ ಬಂದ ಪರಿಹಾರದ ಹಣ ಸಾಮಾನ್ಯವಾಗಿ ತೆರಿಗೆಗೆ ಒಳಪಡುವ ಆದಾಯ. ರಿಟರ್ನ್‌ನಲ್ಲಿ ತೋರಿಸಲು ಮರೆಯಬೇಡಿ.

ಸ್ವಂತ ವ್ಯಾಪಾರ ನಡೆಸುವ ಕನ್ನಡಿಗರೂ ಗಮನಿಸಬೇಕು. ವಿಮೆ, ರಿಯಲ್ ಎಸ್ಟೇಟ್‌ಗೆ ಗಿರಾಕಿ ಹುಡುಕಲು ನಂಬರುಗಳ ಪಟ್ಟಿ ಕೊಂಡು ಕರೆ ಮಾಡಿದರೆ ಇದೇ ಕಾಯ್ದೆ ನಮ್ಮನ್ನೂ ಹಿಡಿಯುತ್ತದೆ. ಕರೆಗೆ 500 ಡಾಲರ್‌ನಂತೆ 200 ಕರೆಗೆ ಒಂದು ಲಕ್ಷ ಡಾಲರ್. ಸಣ್ಣ ಅಂಗಡಿಯೊಂದು ಬಾಗಿಲು ಮುಚ್ಚಲು ಅಷ್ಟು ಸಾಕು.