ಸಾಲುಗಳ ನಡುವಣ ಬಯಲು

ಅಕ್ಷರದ ಶುದ್ಧಿಯನ್ನು ಕುರಿತು ಚರ್ಚಿಸುವ ನಾವು ಸಾಲುಗಳ ನಡುವಣ ಬಯಲನ್ನು ಕುರಿತು ಚಿಂತಿಸುವುದು ವಿರಳ. ಆ ಬಯಲು ಬರಿದಲ್ಲ. ಕನ್ನಡದ ಒತ್ತಕ್ಷರಗಳ ನೆಲೆಯೇ ಅದು. 'ಶಾಸ್ತ್ರ', 'ರಾಷ್ಟ್ರ' ಮೊದಲಾದ ಪದಗಳು ಕೆಳಗಿಳಿಯುತ್ತವೆ. ಕೆಳಸಾಲಿನ ಗುಣಿತಚಿಹ್ನೆಗಳು ಮೇಲೇರುತ್ತವೆ. ಎರಡಕ್ಕೂ ಎಡೆಯಿರಬೇಕು.

ಸೀಸದ ಮೊಳೆಗಳ ಕಾಲದಲ್ಲಿ ಮೊಳೆ ಜೋಡಿಸುವವನು ಸಾಲುಗಳ ನಡುವೆ ತೆಳುವಾದ ಸೀಸದ ಪಟ್ಟಿಗಳನ್ನು ಕೈಯಾರೆ ಇಡುತ್ತಿದ್ದನು. ಅಂದು ಅಂತರವನ್ನು ನಿರ್ಣಯಿಸಿದ್ದು ಮನುಷ್ಯನ ಕಣ್ಣು. ಇಂದು ಆ ಅಧಿಕಾರವನ್ನು ಗಣಕಯಂತ್ರಕ್ಕೆ ಒಪ್ಪಿಸಿದ್ದೇವೆ. ಅದು ನಡೆಯುವ ಬಗೆಯನ್ನಾದರೂ ಅರಿಯಬೇಡವೇ?

ವರ್ಡ್ ತಂತ್ರಾಂಶದಲ್ಲಿ 'ಸಿಂಗಲ್' ಎಂಬ ಅಂತರವು ಸ್ಥಿರವಾದುದಲ್ಲ. ಫಾಂಟನ್ನು ರಚಿಸಿದವರು ಅದರೊಳಗೆ ಅಡಕಗೊಳಿಸಿದ ಏರು-ಇಳಿವುಗಳ ಅಳತೆಯೇ ಅದಕ್ಕೆ ಆಧಾರ. ಆದುದರಿಂದ 12 ಪಾಯಿಂಟಿನ ಗಾತ್ರವನ್ನು ಹಾಗೆಯೇ ಉಳಿಸಿ ಫಾಂಟನ್ನು ಮಾತ್ರ ಬದಲಿಸಿದರೂ ಪುಟವು ಹಿಗ್ಗಬಹುದು, ಕುಗ್ಗಬಹುದು. ಡೊನಾಲ್ಡ್ ಕ್ನೂತ್ ಅವರು 1978ರಲ್ಲಿ ಹೊರತಂದ ಟೆಕ್ ಮತ್ತು ಅದರ ಮೇಲೆ ಬೆಳೆದ ಲೇಟೆಕ್‌ಗಳ ನಡೆ ಬೇರೆ. ಅಲ್ಲಿ 10 ಪಾಯಿಂಟಿನ ಅಕ್ಷರಕ್ಕೆ 12 ಪಾಯಿಂಟಿನ ಅಂತರವೆಂದು ಎರಡನ್ನೂ ವಿಧಿಸುವುದು ವಾಡಿಕೆ. ಆದರೆ ಇಡೀ ಕಂಡಿಕೆಗೆ ಅನ್ವಯಿಸುವುದು ಕಂಡಿಕೆ ಮುಗಿಯುವಾಗ ಜಾರಿಯಲ್ಲಿರುವ ಅಂತರ. ಕಿರಿಯ ಅಕ್ಷರದ ಆಜ್ಞೆಯನ್ನು ಅದಕ್ಕೆ ಮೊದಲೇ ಮುಗಿಸಿದರೆ ಅಕ್ಷರ ಕಿರಿದಾಗಿಯೂ ಅಂತರ ಹಿರಿದಾಗಿಯೂ ಉಳಿಯುತ್ತದೆ.

ಒಮ್ಮೆ ಮಕ್ಕಳ ಪುಸ್ತಿಕೆಯೊಂದರ ಕರಡು ನನ್ನ ಕೈಸೇರಿತು. ಪುಟಗಳನ್ನು ಉಳಿಸಲೆಂದು ಅಂತರವನ್ನು ಬಿಗಿಗೊಳಿಸಿ, ಬಳಿಕ ಫಾಂಟನ್ನು ಬದಲಿಸಿದ್ದರು. ಒತ್ತುಗಳು ಕೆಳಸಾಲಿನೊಡನೆ ಕಲಸಿಹೋಗಿದ್ದವು. ಬಾಲಕನೊಬ್ಬನು 'ಹಳ್ಳಿ'ಯನ್ನು 'ಹಳಿ' ಎಂದು ಓದಿದನು. ತಪ್ಪು ಬಾಲಕನದೇ?

ಕಾಗದ ದುಬಾರಿಯೆಂಬ ಮಾತು ನಿಜ. ಆದರೆ ಓದಲು ಬಾರದ ಪುಟವು ಅದಕ್ಕಿಂತಲೂ ದುಬಾರಿ. ಯಂತ್ರವು ಕೊಟ್ಟ ಅಂತರವನ್ನು ಕಣ್ಮುಚ್ಚಿ ಒಪ್ಪುವುದೂ ಸಲ್ಲದು, ಫಾಂಟನ್ನು ನೋಡದೆ ಅಂಕಿಯೊಂದನ್ನು ಹೇರುವುದೂ ಸಲ್ಲದು. ಮೊದಲು ಫಾಂಟು ನಿಶ್ಚಯವಾಗಲಿ. ಬಳಿಕ 'ರಾಷ್ಟ್ರ'ದ ಕೆಳಗೆ 'ಕೀರ್ತಿ'ಯನ್ನಿರಿಸಿ, ಒಂದನ್ನೊಂದು ತಾಗದಂತೆ ಅಂತರವನ್ನು ಗೊತ್ತುಪಡಿಸಲಿ. ಫಾಂಟು ಬದಲಾದಾಗಲೆಲ್ಲ ಈ ಪರೀಕ್ಷೆ ಮರುಕಳಿಸಲಿ. ಕರಡು ತಿದ್ದುವ ಪಂಡಿತರು ಕಾಗುಣಿತದ ತಪ್ಪಿನೊಡನೆ ಈ ತಪ್ಪನ್ನೂ ಗುರುತಿಸುವುದು ಕರ್ತವ್ಯವೆಂದು ನನ್ನ ನಮ್ರ ಅಭಿಪ್ರಾಯ.